ಕಲ್ಲು ಚರ್ಚಿನ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ

"ಚಪ್ಪಲಿ ಕಾಣಸ್ತಾವೋ ಇಲ್ಲೋ ನಿನಗ? ಕಣ್ಣಾಗ ಬೂದಿ ಬಿದ್ದೈತೇನು?"

"ಚಪ್ಪಲಿ ಕಾಣಸ್ತಾವ ಗಾದಿ. ಮನಷ್ಯಾ ಕಾಣವಲ್ಲ."

"ಮನಷ್ಯಾ ಒಳಗದಾನಲೇ. ಚಪ್ಪಲಿ ಇಲ್ಲಿ ಬಿಟ್ಟು ಹಾರಿ ಹೋದನೇನು?"

"ಎಲ್ಲಿ ಹೋದನೋ ನನಗೇನು ಗೊತ್ತು. ಆ ಹಲಗಿ ಕೆಳಗ ನಾ ಯಾರನ್ನೂ ಕಳಸಂಗಿಲ್ಲ. ನಾನೂ ಹೋಗಂಗಿಲ್ಲ, ನೀನೂ ಹೋಗಬ್ಯಾಡ."

ಇದು ನಾನೂ ಎರ್ರಿಸ್ವಾಮಿಯೂ ಬಳ್ಳಾರಿಯ ಕಲ್ಲು ಚರ್ಚಿನ ದೊಡ್ಡ ಬಾಗಿಲ ಮುಂದೆ ನಿಂತು ಆಡಿದ ಜಗಳ. ಈಸ್ಟರಿಗೆ ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ದಿನ, ಶನಿವಾರ, ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷವಿತ್ತು. ನಮ್ಮ ತಲೆಯ ಮೇಲೆ ಹೆಂಚಿನ ಸಂದುಗಳಿಂದ ಹಳದಿ ಹೊಗೆ ಬರುತ್ತಿತ್ತು. ನಾವಿಬ್ಬರೂ ಅಗ್ನಿಶಾಮಕ ದಳದವರು, ಒಂದೇ ವರ್ಷ ಕೆಲಸಕ್ಕೆ ಸೇರಿದವರು. ನಾನು ಗಾದಿಲಿಂಗಪ್ಪ, ಕುರುಗೋಡು ತಾಲೂಕಿನ ಬಾದನಹಟ್ಟಿಯವನು. ಅವನು ಸಿರುಗುಪ್ಪ ತಾಲೂಕಿನ ರಾರಾವಿಯವನು. ಇಪ್ಪತ್ತೆರಡು ವರ್ಷ ಒಬ್ಬರನ್ನೊಬ್ಬರು ಬೈದುಕೊಂಡೇ ಅನ್ನ ತಿಂದಿದ್ದೆವು. ಆ ದಿನ ಠಾಣೆಯ ಸಾಹೇಬರು ಇನ್ನೊಂದು ಗಾಡಿ ತೆಗೆದುಕೊಂಡು ಊರಾಚೆ ಹತ್ತಿ ಮಿಲ್ಲಿನ ಬೆಂಕಿಗೆ ಹೋಗಿದ್ದರು. ಚರ್ಚಿಗೆ ಬಂದ ಗಾಡಿಯಲ್ಲಿ ಮೂವರೇ, ಹುದ್ದೆಯಲ್ಲಿ ನಾನು ಹಿರಿಯ. ಮಾತು ನನ್ನದೇ ನಡೆಯಬೇಕು.

ಹಳೇ ಚರ್ಚಿಗೆ ಬೆಂಕಿ ಬಿದ್ದರೆ ಏನಾಗುತ್ತದೆ ಎಂದು ನೋಡದವರಿಗೆ ಹೇಳಬೇಕು. ಬಿಳಿಯರು ತಮ್ಮ ದಂಡಿಗಾಗಿ ಕಟ್ಟಿಸಿದ ಕಟ್ಟಡ ಅದು. ಗೋಡೆ ಮೂರು ಅಡಿ ದಪ್ಪದ ಕಲ್ಲು, ಅದಕ್ಕೆ ಏನೂ ಆಗುವುದಿಲ್ಲ. ಸುಡುವುದೆಲ್ಲ ಮೇಲಿದೆ. ಬರ್ಮಾ ತೇಗದ ತೊಲೆ, ಅದರ ಮೇಲೆ ರೀಪು, ಅದರ ಮೇಲೆ ಹೆಂಚು. ಪಾರಿವಾಳದ ಹಿಕ್ಕೆ ಜನರ ತಲೆ ಮೇಲೆ ಬೀಳುತ್ತದೆಂದು ಯಾವ ಕಾಲದಲ್ಲೋ ತೊಲೆಯ ಕೆಳಗೆ ಉದ್ದಕ್ಕೂ ಹಲಗೆ ಬಡಿಸಿದ್ದರು. ಹಲಗೆಗೂ ಹೆಂಚಿಗೂ ನಡುವೆ ಆಳೆತ್ತರದ ಪೊಳ್ಳು. ಆ ಪೊಳ್ಳಿನಲ್ಲಿ ನೂರು ವರ್ಷದ ಧೂಳು, ಗೂಡಿನ ಕಡ್ಡಿ, ಒಣಗಿದ ಹಿಕ್ಕೆ. ಬೆಂಕಿ ಅಲ್ಲಿ ಹೊಕ್ಕಿತೆಂದರೆ ಕೆಳಗೆ ಕೂತವನಿಗೆ ಗೊತ್ತಾಗುವುದೇ ಇಲ್ಲ. ಹೊರಗಿನಿಂದ ನೀರು ಹೊಡೆದರೆ ಹೆಂಚಿನ ಮೇಲೆ ಜಾರಿ ಅಂಗಳಕ್ಕೆ ಬೀಳುತ್ತದೆ. ಹೆಂಚು ಇರುವುದೇ ನೀರನ್ನು ಒಳಗೆ ಬಿಡದಿರಲು. ಒಳಗಿನಿಂದ ಹೊಡೆದರೆ ನೀರು ಹಲಗೆಗೆ ಬಡಿದು ನಮ್ಮ ಮುಖಕ್ಕೇ ಬರುತ್ತದೆ. ಬೆಂಕಿಗೆ ಒಂದು ಹನಿಯೂ ತಾಕುವುದಿಲ್ಲ.

ಕಮಾನಿನ ಗೇಟು ಕುದುರೆ ಗಾಡಿಯ ಕಾಲದ್ದು. ನಮ್ಮ ಗಾಡಿ ಒಳಗೆ ಹಿಡಿಯಲಿಲ್ಲ. ರಸ್ತೆಯಲ್ಲೇ ನಿಲ್ಲಿಸಿ ಇನ್ನೂರು ಅಡಿ ಪೈಪು ಎಳೆದೆವು. ನಮ್ಮ ಏಣಿ ಗೋಡೆಯ ತುದಿಗೆ ಮುಟ್ಟಿತು, ಮಾಡಿನ ನೆತ್ತಿಗೆ ಮುಟ್ಟಲಿಲ್ಲ. ಎರ್ರಿಸ್ವಾಮಿ ಹತ್ತಿ ಅಂಚಿನ ನಾಲ್ಕು ಹೆಂಚು ಒಡೆದ. ಆ ತೂತಿನಿಂದ ಬೆಂಕಿ ನಾಲಿಗೆ ಚಾಚಿತು. ಕೆಳಗೆ ಇಳಿದು, "ಈ ತುದಿಯಿಂದ ಆ ತುದೀತನಕ ಹೊಕ್ಕೈತಿ ಗಾದಿ, ಮಾಡು ಹೋತು ಅಂತ ತಿಳ್ಕೊ" ಅಂದ. ಗಾಡಿಯಲ್ಲಿದ್ದದ್ದು ನಾಲ್ಕೂವರೆ ಸಾವಿರ ಲೀಟರು ನೀರು, ಬಿಟ್ಟರೆ ಹತ್ತು ನಿಮಿಷಕ್ಕೆ ಖಾಲಿಯಾಗುವಷ್ಟು. ಕುರುಗೋಡಿನ ಗಾಡಿಗೂ ಸಿರುಗುಪ್ಪದ ಗಾಡಿಗೂ ಫೋನು ಮಾಡಿದ್ದೆವು. ಒಂದು ಬರಲು ಮುಕ್ಕಾಲು ಗಂಟೆ ಬೇಕು, ಇನ್ನೊಂದಕ್ಕೆ ಒಂದು ಗಂಟೆಯ ಮೇಲೆ.

ಬೆಂಕಿ ಹತ್ತಿದ್ದು ಹೇಗೆಂದರೆ, ಮಾಡಿನ ಮಳೆನೀರು ಹರಿಯುವ ತಗಡಿನ ದೋಣಿ ಸೋರುತ್ತದೆಂದು ಗುತ್ತಿಗೆದಾರನ ಆಳುಗಳು ಬೆಳಿಗ್ಗೆಯಿಂದ ಗ್ಯಾಸಿನ ಉರಿಯಿಂದ ಡಾಂಬರು ಹಾಳೆ ಅಂಟಿಸುತ್ತಿದ್ದರು. ಒಂದು ಗಂಟೆಗೆ ಊಟಕ್ಕೆ ಇಳಿದು ಹೋದರು. ಯಾವುದೋ ಗೂಡಿನಲ್ಲಿ ಕಿಡಿ ಕೂತಿತ್ತು. ಒಳಗೆ ಹನ್ನೊಂದು ಹೆಣ್ಣುಮಕ್ಕಳು ಮರುದಿನದ ಆರಾಧನೆಗೆಂದು ನೆಲ ತೊಳೆದು ತೆಂಗಿನ ಗರಿ ಕಟ್ಟುತ್ತಿದ್ದರು. ಹಲಗೆಯ ಸಂದಿನಿಂದ ಕೆಂಡ ಉದುರಿದಾಗ ಓಡಿ ಬಂದಿದ್ದರು.

ನಮ್ಮ ಕಡೆ ಚರ್ಚಿಗೂ ಚಪ್ಪಲಿ ಹೊರಗೇ ಬಿಡುವುದು. ಓಡಿ ಬಂದರೂ ಹನ್ನೊಂದು ಜನ ಹನ್ನೊಂದು ಜೊತೆ ಮೆಟ್ಟಿಕೊಂಡೇ ಬಂದಿದ್ದರು. ಮೆಟ್ಟಿಲ ಮೇಲೆ ಒಂದು ಜೊತೆ ಉಳಿದಿತ್ತು. ಗಂಡಸಿನ ಚಪ್ಪಲಿ, ಟೈರಿನ ಅಟ್ಟೆ, ಎಡಗಾಲಿನ ಅಂಗುಷ್ಠದ ಕುಣಿಕೆ ಹರಿದದ್ದಕ್ಕೆ ತಾಮ್ರದ ತಂತಿ ಸುತ್ತಿತ್ತು.

ನಾನು ಬೆಂಕಿಗೆ ಹೋದಲ್ಲೆಲ್ಲ ಮೊದಲು ನೋಡುವುದು ಬಾಗಿಲ ಮುಂದಿನ ಚಪ್ಪಲಿ. ಮಂದಿ ಗಾಬರಿಯಲ್ಲಿ ಎಲ್ಲರೂ ಹೊರಗದಾರ ಅನ್ನುತ್ತಾರೆ, ಚಪ್ಪಲಿ ಸುಳ್ಳು ಹೇಳುವುದಿಲ್ಲ. ಹಾಗಂತ ನಾನೇ ಹೊಸಬರಿಗೆ ಎಷ್ಟೋ ಸಲ ಕಲಿಸಿದ್ದೆ.

"ಇವು ಯಾರವು?" ಎಂದು ಕೂಗಿ ಕೇಳಿದೆ.

ಸುಮಂಗಲಾ ಮೇಡಂ ಮುಂದೆ ಬಂದರು. ಸಾಲಿ ಟೀಚರಾಗಿ ನಿವೃತ್ತರಾದವರು, ಚರ್ಚಿನ ಕಮಿಟಿಗೆ ಕಾರ್ಯದರ್ಶಿ. ಸೀರೆಯ ಸೆರಗೆಲ್ಲ ಮಸಿ. "ಮಾರೆಣ್ಣನವು. ಗಂಟಿ ಬಾರಸೋ ಮಾರೆಣ್ಣ. ನಮ್ಮ ಕೂಡನ ಇದ್ದ ಸರ್, ಪೂಜಾಪೀಠದ ಹಿಂದಿನ ಖೋಲ್ಯಾಗ. ಹೊರಗ ಬಂದದ್ದು ಯಾರೂ ನೋಡಿಲ್ಲ."

"ಹಿಂದ ಬಾಗಿಲ ಇಲ್ಲೇನು?"

"ಐತಿ. ಅದನ್ನ ಯಾವತ್ತೂ ತಗಿಯಂಗಿಲ್ಲ. ಬೆಳ್ಳಿ ಬಟ್ಟಲು ಕಳುವಾದಾಗಿಂದ ಅದಕ್ಕ ಕೀಲಿ ಹಾಕೇ ಇಡಬೇಕಂತ ಕಮಿಟ್ಯಾಗ ಆಗೈತಿ. ಕೀಲಿ ಮಾರೆಣ್ಣನ ಉಡದಾರದಾಗ ಇರತೈತಿ."

ನಾನು ಹಿಂದೆ ಓಡಿ ನೋಡಿದೆ. ಕೀಲಿ ಹಾಕಿತ್ತು. ಮೂರು ಇಂಚು ದಪ್ಪದ ತೇಗ, ಅಡ್ಡಕ್ಕೆ ಕಬ್ಬಿಣದ ಪಟ್ಟಿ. ಕೊಡಲಿ ಹಾಕಿದರೆ ಕೊಡಲಿಯೇ ನೆಗೆದು ಬಂತು. ಕೀಲಿ ಹಾಕಿದೆ ಎಂದ ಮೇಲೆ ಅವನು ಆ ಕಡೆಯಿಂದ ಹೋಗಿಲ್ಲ ಎಂದು ನಾನು ತೀರ್ಮಾನ ಮಾಡಿದೆ. ಇಷ್ಟು ನೆಟ್ಟಗಿನ ಲೆಕ್ಕ ನನಗೆ ಬೇರೆ ಯಾವತ್ತೂ ಸಿಕ್ಕಿರಲಿಲ್ಲ.

ಮುಂಬಾಗಿಲಿಗೆ ವಾಪಸು ಬಂದಾಗ ಸುಮಂಗಲಾ ಮೇಡಂ ಮಾರೆಣ್ಣನ ನಂಬರಿಗೆ ಫೋನು ಹಚ್ಚಿದ್ದರು. ಹೊಗೆಯ ಒಳಗಿನಿಂದ ಕೋಳಿ ಕೂಗಿತು. ನಿಜವಾದ ಕೋಳಿಯಲ್ಲ, ಫೋನಿನದು. ನಿಂತ ಹೆಣ್ಣುಮಕ್ಕಳೆಲ್ಲ ಒಮ್ಮೆಲೇ ಅತ್ತರು. "ಅವಂದ ಅದು, ಅವಂದ" ಅಂದರು.

ಆಗ ನಮ್ಮ ಜಗಳ ಶುರುವಾದದ್ದು.

"ಫೋನು ಕೇಳಿದಿಲ್ಲ?" ಅಂದೆ.

"ಕೇಳಿದೆ. ಅಂವ ಯಾಕ ಎತ್ತವಲ್ಲ?"

"ಹೊಗಿ ಕುಡದು ಬಿದ್ದಾನ. ಅದಕ್ಕ."

ಎರ್ರಿಸ್ವಾಮಿ ಮೇಲೆ ಕೈ ತೋರಿಸಿದ. "ಹೊಗಿ ನೋಡು. ಈಟೊತ್ತು ಹೊರಗ ಬರಾಕತ್ತಿತ್ತು. ಈಗ ಒಳಗ ಎಳಕೊಳ್ಳಾಕತ್ತೈತಿ. ಉಸರು ತಗೊಳ್ಳಾಕತ್ತೈತಿ ಅದು. ಹಲಗಿ ಇನ್ನ ಹತ್ತು ನಿಮಿಷ ನಿಂದ್ರಂಗಿಲ್ಲ. ಬಿದ್ರ ಒಂದ ಸಲಕ್ಕ ಉದ್ದಾನುದ್ದ ಬೀಳತೈತಿ. ನಾ ಕಣ್ಣಾರೆ ನೋಡೀನಿ."

ಅವನು ನೋಡಿದ್ದು ನಿಜ. ಎಂಟು ವರ್ಷದ ಹಿಂದೆ ಅವನು ಸಿರುಗುಪ್ಪ ಠಾಣೆಯಲ್ಲಿದ್ದಾಗ ಒಂದು ಅಕ್ಕಿ ಗಿರಣಿಗೆ ಬೆಂಕಿ ಬಿದ್ದಿತ್ತು. ಒಳಗೆ ಇಬ್ಬರು ಹಮಾಲರು. ಒಬ್ಬನನ್ನು ಹೊತ್ತು ತಂದ. ಇನ್ನೊಬ್ಬನಿಗಾಗಿ ಬಾಗಿಲವರೆಗೆ ಹೋಗಿ, ಮಾಡು ನೋಡಿ, ನಿಂತ. ಎಣಿಸಿ ಹತ್ತು ಆಗುವುದರೊಳಗೆ ಮಾಡು ಕುಸಿಯಿತು. ನಿಂತದ್ದು ಸರಿ ಎಂದು ಮೇಲಿನವರು ಬರೆದರು. ಎರ್ರಿಸ್ವಾಮಿ ಮಾತ್ರ ಒಂದು ವರ್ಷ ಅನ್ನದ ಮುಂದೆ ಕೂತರೆ ಎದ್ದು ಹೋಗುತ್ತಿದ್ದ. ಇದು ನನಗೊಬ್ಬನಿಗೇ ಗೊತ್ತಿತ್ತು. ರಾರಾವಿಯ ಹೊಳೆ ದಂಡೆಯಲ್ಲಿ ಕೂತು ನನ್ನ ಮುಂದೆ ಹೇಳಿದ್ದ.

ನಾನು ಅದನ್ನೇ ತೆಗೆದೆ.

"ಸಿರುಗುಪ್ಪದ ಮಿಲ್ಲಿನ್ಯಾಗ ಒಬ್ಬನ್ನ ಬಿಟ್ಟು ಬಂದಿ. ಇಲ್ಲಿ ಇನ್ನೊಬ್ಬನ್ನ ಬಿಟ್ಟು ಬಾ. ರೂಢಿ ಐತಲ್ಲ ನಿನಗ."

ಅವನು ನನ್ನ ಮುಖ ನೋಡಿದ. ಸಿಟ್ಟು ಬಂದಿದ್ದರೆ ನನಗೆ ಹೊಡೆಯುತ್ತಿದ್ದ, ಮೊದಲು ಎರಡು ಸಲ ಹೊಡೆದಿದ್ದ ಕೂಡ. ಈ ಸಲ ಸಿಟ್ಟು ಬರಲಿಲ್ಲ. ಗಾಡಿಯ ಕಡೆ ನಡೆದು ಬೆನ್ನಿಗೆ ಉಸಿರಿನ ಸಿಲಿಂಡರು ಕಟ್ಟಿಸಿಕೊಂಡ. ನಮ್ಮ ಡ್ರೈವರ್ ಹುಲುಗೇಶ್ ಬೆಲ್ಟು ಬಿಗಿಯುತ್ತ ನನ್ನ ಕಡೆ ನೋಡಿ, "ಸರ, ಇಷ್ಟು ಅಂದ್ರಿ, ಇನ್ನ ಒಂದು ಮಾತು ಅನ್ರಿ, ಬ್ಯಾಡ ಅನ್ರಿ" ಅಂದ.

"ನೀ ಪಂಪ್ ನೋಡ್ಕೊ ಹೋಗು," ಅಂದೆ.

ಎರ್ರಿಸ್ವಾಮಿ ಸೊಂಟಕ್ಕೆ ಹಗ್ಗ ಕಟ್ಟಿ ತುದಿ ನನ್ನ ಕೈಗೆ ಕೊಟ್ಟ. ಹಗ್ಗದ ಸನ್ನೆ ನಮಗೆಲ್ಲ ಬಾಯಿಪಾಠ. ಒಂದು ಸಲ ಜಗ್ಗಿದರೆ ಆರಾಮಿದ್ದೇನೆ, ಎರಡು ಸಲ ಜಗ್ಗಿದರೆ ಹಗ್ಗ ಸಡಿಲ ಬಿಡು, ಮೂರು ಸಲ ಜಗ್ಗಿದರೆ ನನ್ನನ್ನು ಹೊರಗೆ ಎಳಿ. ಮುಖಕ್ಕೆ ಮುಸುಕು ಹಾಕಿಕೊಳ್ಳುವ ಮೊದಲು ಅವನು ಒಂದೇ ಮಾತು ಹೇಳಿದ. "ಅಮ್ಮಾರಿಗೆ ಹೇಳು, ಫೋನು ಹಚ್ಚತಾನ ಇರಲಿ. ಆ ಸಪ್ಪಳ ಹಿಡಕೊಂಡು ಹೋಗ್ತೀನಿ."

ಸುಮಂಗಲಾ ಮೇಡಂ ಫೋನು ಹಚ್ಚುತ್ತಲೇ ಇದ್ದರು. ಒಳಗೆ ಕೋಳಿ ಕೂಗುವುದು, ನಿಲ್ಲುವುದು, ಮತ್ತೆ ಕೂಗುವುದು. ಹುಲುಗೇಶ್ ಪಂಪ್ ಬಿಟ್ಟು ಬಂದು ಬಾಗಿಲಲ್ಲಿ ಕೂತು ಎರ್ರಿಸ್ವಾಮಿಯ ಹಿಂದೆ ನೀರು ಬಿಡುತ್ತಿದ್ದ. ಐದು ಹೆಜ್ಜೆ ಹೋದ ಮೇಲೆ ಎರ್ರಿಸ್ವಾಮಿ ಹೊಗೆಯಲ್ಲಿ ಕರಗಿದ. ಹಗ್ಗ ಒಂದು ಸಲ ಜಗ್ಗಿತು, ಆರಾಮಿದ್ದೇನೆ. ನಾನೂ ಒಂದು ಸಲ ಜಗ್ಗಿದೆ. ಸ್ವಲ್ಪ ಹೊತ್ತಿಗೆ ಎರಡು ಸಲ ಜಗ್ಗಿತು. ಬಿಟ್ಟೆ. ಮತ್ತೆ ಎರಡು ಸಲ. ಬಿಟ್ಟೆ. ಬೆಂಚುಗಳು ಒಂದಕ್ಕೊಂದು ತಾಗುವ ಸದ್ದು ಕೇಳಿತು. ಒಂದೊಂದು ಬೆಂಚಿನ ಕೆಳಗೂ ಹುಡುಕುತ್ತಿದ್ದಾನೆ ಎಂದು ಗೊತ್ತಾಯಿತು. ಹೊಗೆಯಲ್ಲಿ ಸಿಕ್ಕ ಮನುಷ್ಯ ಬೆಂಚಿನ ಕೆಳಗೆ ಹೋಗಿ ಮಲಗುತ್ತಾನೆ, ಅದು ಅವನಿಗೆ ಗೊತ್ತು.

ಪೈಪಿನಲ್ಲಿ ನೀರು ಸಣ್ಣಗಾಯಿತು. ಹುಲುಗೇಶ್ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದ. ನಾನು ಹಗ್ಗವನ್ನು ಮೂರು ಸಲ ಜಗ್ಗಿದೆ. ಒಳಗಿದ್ದವನಿಗೆ ಅದರ ಅರ್ಥ ಹೊರಗೆ ಬಾ. ಅವನು ಎರಡು ಸಲ ಜಗ್ಗಿದ. ಹಗ್ಗ ಬಿಡು.

"ಬಾರಲೇ ಹೊರಗ," ಎಂದು ಕೂಗಿದೆ. ಒಳಗೆ ಕೋಳಿ ಕೂಗಿತು.

ಮೂರು ಸಲ ಮತ್ತೆ ಜಗ್ಗಿದೆ. ಅವನು ಮತ್ತೆ ಎರಡೇ ಜಗ್ಗಿದ. ನನ್ನ ಕೈಯಲ್ಲಿ ಇನ್ನು ಹಗ್ಗವೇ ಉಳಿದಿರಲಿಲ್ಲ. ತುದಿಯ ಗಂಟು ಹಿಡಿದು ನಾನು ಹೊಸ್ತಿಲವರೆಗೆ ಬಂದಿದ್ದೆ.

ಬಿದ್ದದ್ದು ಪೂಜಾಪೀಠದ ಕಡೆಯಿಂದ. ಮೊದಲು ಮೊಳೆ ಕೀಳುವ ಸದ್ದು, ಯಾರೋ ಗೋಣಿ ಚೀಲ ಹರಿದ ಹಾಗೆ. ಆಮೇಲೆ ಹಲಗೆಯೆಲ್ಲ ಒಂದೇ ಹಾಸಿಗೆಯಾಗಿ ಆ ತುದಿಯಿಂದ ಈ ತುದಿಗೆ ಇಳಿಯಿತು. ಅದರ ಹಿಂದೆ ಹೆಂಚು, ಹೆಂಚಿನ ಹಿಂದೆ ತೊಲೆ. ಬಿಸಿಗಾಳಿ ನಮ್ಮಿಬ್ಬರನ್ನೂ ಎತ್ತಿ ಮೆಟ್ಟಿಲ ಕೆಳಗೆ ಒಗೆಯಿತು. ಎದ್ದು ನೋಡಿದರೆ ಹಗ್ಗ ಇನ್ನೂ ನನ್ನ ಕೈಯಲ್ಲೇ ಇತ್ತು. ಜಗ್ಗಿದೆ. ಗೋಡೆಗೆ ಕಟ್ಟಿದ ಹಾಗೆ ಇತ್ತು.

ಆಮೇಲಿನದನ್ನು ಹೆಚ್ಚು ಹೇಳಲಾರೆ. ಒದ್ದೆ ಗೋಣಿ ಹೊದ್ದು ನಾನೂ ಹುಲುಗೇಶನೂ ಹಗ್ಗ ಹಿಡಿದು ಹೋದೆವು. ಮಧ್ಯದ ಸಾಲಿನಲ್ಲಿ ಎರಡು ಬೆಂಚಿನ ನಡುವೆ ಅವನು ಬೋರಲಾಗಿ ಬಿದ್ದಿದ್ದ. ಬೆಂಚುಗಳ ಮೇಲೆ ತೊಲೆ ಕೂತಿತ್ತು. ಬೆಂಚು ತಡೆದದ್ದರಿಂದ ಅವನು ಇನ್ನೂ ಇದ್ದ. ತೊಲೆ ಎತ್ತಲು ಇಬ್ಬರಿಂದ ಆಗಲಿಲ್ಲ. ನನ್ನ ಅಂಗೈ ಚರ್ಮ ತೊಲೆಗೆ ಅಂಟಿ ಅಲ್ಲೇ ಉಳಿಯಿತು. ಮನೆಗಳಿಂದ ಕೊಡದಲ್ಲಿ ನೀರು ತಂದು ಹೆಣ್ಣುಮಕ್ಕಳು ಬಾಗಿಲಿಂದ ಒಳಗೆ ಎರಚುತ್ತಿದ್ದರು. ಚೊಂಬಿನಲ್ಲಿ ತಂದು ಎರಚಿದವರೂ ಇದ್ದರು. ಎಷ್ಟು ಹೊತ್ತಿಗೋ ಕುರುಗೋಡಿನ ಗಾಡಿಯ ಹನುಮೇಶ್ ತನ್ನ ನಾಲ್ಕು ಜನರ ಜೊತೆ ಒಳಗೆ ಬಂದ. ಏಳು ಜನ ಸೇರಿ ಎತ್ತಿ ಎಳೆದೆವು. ಎರ್ರಿಸ್ವಾಮಿಯ ಕೈಯಲ್ಲಿ ಒಂದು ಫೋನು ಇತ್ತು, ಅರ್ಧ ಕರಗಿದ್ದು.

ಆಂಬುಲೆನ್ಸು ಅವನನ್ನು ಒಯ್ದ ಮೇಲೆ ನಾವು ಮಾರೆಣ್ಣನ ಹೆಣಕ್ಕೆ ಹುಡುಕಿದೆವು. ಸಿರುಗುಪ್ಪದ ಗಾಡಿಯೂ ಬಂದಿತ್ತು. ಈಗ ನೀರಿಗೆ ಕೊರತೆ ಇರಲಿಲ್ಲ, ಆರಿಸಲು ಏನೂ ಉಳಿದಿರಲಿಲ್ಲ. ಬಣ್ಣದ ಗಾಜೆಲ್ಲ ಕಿಟಕಿಯ ಕೆಳಗೆ ಕರಗಿ ಬೆಲ್ಲದ ಪಾಕದ ಹಾಗೆ ಹೆಪ್ಪುಗಟ್ಟಿತ್ತು. ಪೂಜಾಪೀಠದ ಹಿಂದಿನ ಖೋಲಿ, ಗಂಟೆಯ ಗೋಪುರ, ಬೆಂಚಿನ ಬೂದಿ, ಎಲ್ಲ ಕೆದಕಿದೆವು. ಹೆಣ ಇರಲಿಲ್ಲ.

ಐದು ಗಂಟೆಗೆ ಮಾರೆಣ್ಣ ಗೇಟಿನಿಂದ ಒಳಗೆ ಬಂದ.

ಅರವತ್ತರ ಹತ್ತಿರದ ಬಡಕಲು ಮನುಷ್ಯ. ಬರಿಗಾಲು. ತಲೆಯ ಮೇಲೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ದೊಡ್ಡ ಗಂಟು. ಮಾಡಿಲ್ಲದ ಚರ್ಚನ್ನು ನೋಡಿ ನಿಂತ. ಸುಮಂಗಲಾ ಮೇಡಂ ಅಂಗಳದ ಕಟ್ಟೆಯ ಮೇಲೆ ಕೂತಿದ್ದವರು ಎದ್ದರು.

"ಇಲ್ಲೇ ಅದೀರೇನು ಮೇಡಂ," ಅಂದ ಅವನು. "ನಿಮ್ಮ ಮನಿ ಕಟ್ಟಿ ಮ್ಯಾಲ ಕುಂತು ಕುಂತು ಬಂದೆ. ಸತ್ಯನಾರಾಯಣಪ್ಯಾಟಿ ತನಕ ನಡಕೊಂಡು ಹೋಗಿದ್ದೆ. ಕೀಲಿ ಹಾಕಿತ್ತು ಮನಿ. ಪಕ್ಕದ ಮನ್ಯಾರು ನಮ್ಮ ಕೈಯಾಗ ಕೊಡು ಅಂದ್ರು. ನಾ ಕೊಡಲಿಲ್ಲ." ಗಂಟು ಇಳಿಸಿದ. ಹಳೆಯ ರಿಜಿಸ್ಟರುಗಳು. ದೀಕ್ಷಾಸ್ನಾನದ ಪುಸ್ತಕ, ಮದುವೆಯ ಪುಸ್ತಕ, ಮಣ್ಣು ಮಾಡಿದವರ ಪುಸ್ತಕ, ನೂರೈವತ್ತು ವರ್ಷದವು. "ಏನರ ಆದ್ರ ಮೊದಲು ಇವು, ಅದೂ ನಿಮ್ಮ ಕೈಗೇ ಅಂತ ಕಮಿಟ್ಯಾಗ ನೀವ ಹೇಳಿದ್ರಿ. ಬೆಂಕಿ ಅಂತ ಅಕ್ಕಗಳು ಒದರಿದ್ದು ಕೇಳಸ್ತು. ಎಲ್ಲಾರೂ ಮುಂದಿಂದ ಓಡಿದ್ರು, ನಾ ಇವನ್ನ ಕಟಗೊಂಡು ಹಿಂದಿಂದ ಹೋದೆ."

"ಬಾಗಿಲಕ್ಕ ಕೀಲಿ ಹಾಕಿತ್ತಲ್ಲ," ಅಂದೆ ನಾನು.

"ಹಾಕಿದೆ. ಹಾಕಬೇಕಲ್ರಿ."

ಇಷ್ಟು ಹೇಳುವುದರೊಳಗೆ ನಾನು ಅವನಿಗೆ ಹೊಡೆದೆ. ಅಂಗೈಯಲ್ಲಿ ಚರ್ಮ ಇರಲಿಲ್ಲ, ಹೊಡೆದ ನೋವು ನನಗೇ ಆಯಿತು. ಅವನು ಬಿದ್ದವನು ಎದ್ದು ಮೊದಲು ಗಂಟು ಸರಿಮಾಡಿದ. "ಯಾಕ ಸರ," ಎಂದು ಕೇಳಿದ, ನಿಜವಾಗಿ ಗೊತ್ತಿಲ್ಲದವನ ಹಾಗೆ.

"ನಿನ್ನ ಹುಡುಕಾಕ ನನ್ನ ಮನಷ್ಯಾ ಒಳಗ ಹೋಗಿದ್ದ. ನಿನ್ನ ಚಪ್ಪಲಿ ನೋಡಿ."

ಮಾರೆಣ್ಣ ಮೆಟ್ಟಿಲ ಕಡೆ ನೋಡಿದ. ಚಪ್ಪಲಿ ಬಿಟ್ಟ ಹಾಗೇ ಇತ್ತು, ಒಂದಕ್ಕೊಂದು ಕೂಡಿಸಿ, ಮೇಲೆ ಬೂದಿ ಬಿದ್ದು. "ಅವನ್ನ ತಗೊಳ್ಳಾಕ ಮುಂದಕ್ಕ ಬರಬೇಕಿತ್ತು," ಅಂದ. "ಫೋನೂ ಬೆಂಚಿನ ಮ್ಯಾಲ ಉಳದಿತ್ತು. ಪುಸ್ತಕ ಹೊತಗೊಂಡು ಬೆಂಕಿ ಕೆಳಗ ಹೆಂಗ ಬರಲಿ?" ಆಮೇಲೆ, "ಯಾವ ದವಾಖಾನಿ?" ಎಂದು ಕೇಳಿದ.

ಅವನು ಆಸ್ಪತ್ರೆಗೆ ನಡೆದೇ ಹೋದ. ನನ್ನ ಕೈಗೆ ಪಟ್ಟಿ ಕಟ್ಟಿಸಿಕೊಂಡು ನಾನು ಬಂದಾಗ ಸುಟ್ಟವರ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದ. ಬಿಸಿಲಲ್ಲಿ ಡಾಂಬರು ರಸ್ತೆ ತುಳಿದು ಎರಡೂ ಪಾದ ಬೊಬ್ಬೆ ಎದ್ದಿದ್ದವು. ನರ್ಸು ಮುಲಾಮು ಕೊಟ್ಟರೆ ಹಚ್ಚಿಕೊಳ್ಳಲಿಲ್ಲ. ಎರಡು ದಿನ ಅಲ್ಲೇ ಇದ್ದ. ಎರ್ರಿಸ್ವಾಮಿಯ ಹೆಂಡತಿ ಜಂಬಮ್ಮ ರಾರಾವಿಯಿಂದ ಬಂದವಳು, ಇವನು ಯಾರೆಂದು ಕೇಳಿದಳು. ಚರ್ಚಿನವನು ಎಂದಷ್ಟೇ ಹೇಳಿದೆ. ಅವಳು ಅವನಿಗೂ ಒಂದು ಇಡ್ಲಿ ಪೊಟ್ಟಣ ಕೊಟ್ಟಳು. ಅವನು ಅದನ್ನು ಕೈಯಲ್ಲಿ ಹಿಡಿದು ಕೂತ, ಬಿಚ್ಚಲಿಲ್ಲ.

ಮೂರನೇ ದಿನ ಬೆಳಿಗ್ಗೆ ಎರ್ರಿಸ್ವಾಮಿಗೆ ಎಚ್ಚರವಾಯಿತು. ಎಷ್ಟು ಹೊತ್ತು ಇರುತ್ತಾನೆ ಎಂದು ಡಾಕ್ಟರು ಹೇಳಲಿಲ್ಲ, ಮಾತಾಡುವುದಿದ್ದರೆ ಮಾತಾಡಿ ಎಂದರು. ಜಂಬಮ್ಮ ಹೊರಗೆ ಬಂದು, "ನಿನ್ನ ಕರೀತಾನಣ್ಣ" ಅಂದಳು.

ಮುಖಕ್ಕೆ ಏನೂ ಆಗಿರಲಿಲ್ಲ. ಉಳಿದದ್ದು ಬಟ್ಟೆಯ ಕೆಳಗಿತ್ತು.

"ಸಿಕ್ಕನ?" ಎಂದು ಕೇಳಿದ.

"ಸಿಕ್ಕ. ಬದುಕ್ಯಾನ."

ಇದರಲ್ಲಿ ಸುಳ್ಳು ಒಂದು ಅಕ್ಷರವೂ ಇರಲಿಲ್ಲ.

"ಕರಿ. ನೋಡ್ತೀನಿ."

ನಾನು ಹೊರಗೆ ಬಂದು ಮಾರೆಣ್ಣನ ತೋಳು ಹಿಡಿದು ಎಬ್ಬಿಸಿದೆ. "ಒಳಗ ಬಾ. ಅಂವ ಹುಡುಕಿದ್ದಕ್ಕ ನೀ ಬದುಕಿದಿ ಅನ್ನು. ಮತ್ತೇನೂ ಅನಬ್ಯಾಡ."

"ನಾ ಒಳಗ ಇದ್ದಿಲ್ಲಲ್ರಿ."

"ಗೊತ್ತೈತಿ. ಅನ್ನು ಅಂದ್ನಿ ಅಷ್ಟ."

"ಸಾಯೋ ಮನಷ್ಯಾಗ ಸುಳ್ಳು ಹೇಳು ಅಂತೀರೇನು?"

"ನಿನ್ನ ಸಲುವಾಗಿ ಸಾಯಾಕತ್ತಾನ. ಒಂದು ಮಾತು ಹೇಳಾಕ ನಿನಗೇನು ಧಾಡಿ?"

ಅವನ ಸಲುವಾಗಿ ಅಲ್ಲ, ನನ್ನ ಮಾತಿನ ಸಲುವಾಗಿ. ಅದನ್ನು ನಾನು ಅವನಿಗೆ ಹೇಳಲಿಲ್ಲ. ಆಮೇಲೆ ಮೇಲಿನವರಿಗೆ ಬರೆದುಕೊಟ್ಟ ವರದಿಯಲ್ಲೂ ಹೇಳಲಿಲ್ಲ. ಅದರಲ್ಲಿ ಚಪ್ಪಲಿ ಇದೆ, ಫೋನು ಇದೆ, ಕೀಲಿ ಹಾಕಿದ ಬಾಗಿಲು ಇದೆ. ಸಿರುಗುಪ್ಪದ ಮಿಲ್ಲು ಇಲ್ಲ.

ಮಾರೆಣ್ಣ ಒಳಗೆ ಬಂದ. ಮಂಚದ ಕಾಲ ಬಳಿ ನಿಂತು ಕೈ ಮುಗಿದ. "ನಾನ ಮಾರೆಣ್ಣ. ನೀವು ಹುಡುಕಿದ್ದಕ್ಕ ನಾ ಬದುಕಿದೆ," ಅಂದ. ಸಾಲಿ ಮಕ್ಕಳು ಪದ್ಯ ಒಪ್ಪಿಸಿದ ಹಾಗೆ.

ಎರ್ರಿಸ್ವಾಮಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕೆಲಸದವನು ಕೇಳುವ ಮಾತು ಕೇಳಿದ.

"ಎಲ್ಲಿದ್ದಿ ನೀನು ಒಳಗ? ನಾ ಎಲ್ಲಾ ಕಡೆ ಹುಡುಕಿದೆ."

ಮಾರೆಣ್ಣ ನನ್ನ ಕಡೆ ನೋಡಿದ. ಇದನ್ನು ನಾನು ಅವನಿಗೆ ಕಲಿಸಿರಲಿಲ್ಲ.

"ಗೋಪುರದ ಕೆಳಗ," ಅಂದ. "ಗಂಟಿ ಹಗ್ಗದ ಹತ್ತಿರ."

"ಅಲ್ಲಿ ಮೊದಲ ನೋಡಿದ್ದೆನಲ್ಲ," ಅಂದ ಎರ್ರಿಸ್ವಾಮಿ.

ಗೋಡೆಯ ಮೇಲೆ ಯಾವುದೋ ಯಂತ್ರ ಟಿಕ್ ಟಿಕ್ ಅನ್ನುತ್ತಿತ್ತು. ಎರ್ರಿಸ್ವಾಮಿಯ ಕಣ್ಣು ಮಾರೆಣ್ಣನಿಂದ ನನ್ನ ಮೇಲೆ ಬಂತು. ನಾನು ಕಿಟಕಿಯ ಕಡೆ ತಿರುಗಿದೆ. ಮತ್ತೆ ಅವನ ಕಡೆ ನೋಡುವಾಗ ಅವನು ಕಣ್ಣು ಮುಚ್ಚಿದ್ದ. ಅವನಿಗೆ ತಿಳಿಯಿತೋ ಇಲ್ಲವೋ ನಾನು ಹೇಳಲಾರೆ. ಆ ಮೇಲೆ ಅವನು ಕಣ್ಣು ತೆರೆಯಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಮುಗಿಯಿತು.

ಜಂಬಮ್ಮ ಅಳುತ್ತ ಬಾಗಿಲಿಗೆ ಒರಗಿ ಕೂತಳು. "ಆ ಮನಷ್ಯಾ ಆದ್ರೂ ಬದುಕಿದನಲ್ಲ ಅಣ್ಣ," ಎಂದಳು ನನಗೆ. "ಅಷ್ಟರ ಆತಲ್ಲ." ನಾನು ಹೂಂ ಅಂದೆ.

ಇದು ಮಾರೆಣ್ಣನಿಗೆ ಕೇಳಿಸಿತು. ನೆಲದಿಂದ ಎದ್ದ. ಬಿಚ್ಚದ ಇಡ್ಲಿ ಪೊಟ್ಟಣವನ್ನು ಅವಳ ಪಕ್ಕದಲ್ಲಿಟ್ಟ.

"ನಾ ಒಳಗ ಇದ್ದಿಲ್ಲ ತಂಗಿ," ಅಂದ.

"ಸುಮ್ಮಕಿರಲೇ," ಅಂದೆ.

"ನಾ ಒಳಗ ಇದ್ದಿಲ್ಲ. ನಿನ್ನ ಗಂಡ ಸತ್ತದ್ದು ಚಪ್ಪಲಿ ಹುಡುಕಾಕ ಹೋಗಿ. ಇಲ್ಲಾ ಅಂತ ಈ ಸರಗ ಹೇಳಾಕ ಹೇಳು."

ಜಂಬಮ್ಮ ಅಳು ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ಹೇಳುವುದನ್ನೆಲ್ಲ ಚರ್ಚಿನ ಬಾಗಿಲಲ್ಲೇ ಹೇಳಿ ಮುಗಿಸಿದ್ದೆ.

ಮಾರೆಣ್ಣ ಉಡದಾರದಿಂದ ಕೀಲಿ ಬಿಚ್ಚಿ ನನ್ನ ಪಟ್ಟಿ ಕಟ್ಟಿದ ಕೈ ಮೇಲೆ ಇಟ್ಟ. "ಮೇಡಂಗೆ ಕೊಟ್ಟುಬಿಡ್ರಿ," ಅಂದ. ವರಾಂಡದ ಉದ್ದಕ್ಕೂ ನಡೆದ. ಬೊಬ್ಬೆ ಒಡೆದಿದ್ದವು, ಹೆಜ್ಜೆ ಇಟ್ಟಲ್ಲೆಲ್ಲ ನೆಲದ ಮೇಲೆ ಒದ್ದೆ ಗುರುತು ಬಿದ್ದವು.

ಅವನ ಚಪ್ಪಲಿ ನನ್ನ ಹತ್ತಿರವೇ ಇತ್ತು. ಮಹಜರು ಮಾಡಿ ಮುಗಿಸಿದ ಪೊಲೀಸರು ಇವು ಬೇಡ ಎಂದು ಬಿಟ್ಟಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದೆ. ಚೀಲ ಹಿಡಿದು ಹಿಂದೆ ಓಡಿದೆ. "ಮಾರೆಣ್ಣ, ಇವನ್ನರ ಮೆಟಗೊಂಡು ಹೋಗು," ಅಂದೆ. ಅವನು ಆಸ್ಪತ್ರೆಯ ಗೇಟು ದಾಟಿದ. ಬಿಸಿಲಿನಲ್ಲಿ ಎಡಕ್ಕೆ ತಿರುಗಿ ಹೋದ. ಚರ್ಚು ಇರುವುದು ಬಲಕ್ಕೆ.

ಅವನ ಹೆಂಡತಿ ಹೊನ್ನೂರಮ್ಮ ಕುರುಗೋಡಿನಲ್ಲಿ ಮಗಳ ಮನೆಯಲ್ಲಿದ್ದಳು. ಅಲ್ಲಿಗೂ ಅವನು ಹೋಗಲಿಲ್ಲ. ಚರ್ಚಿನ ಹಿಂದಿನ ತನ್ನ ಮನೆಗೂ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.